ಪಿಯಾನೋ ಶುರುವಾಯ್ತು, ರಿಮೋಟ್ ಎಲ್ಲಿ?

ನಿನ್ನೆ ಶುಕ್ರವಾರ ರಾತ್ರಿ ಚಿತ್ರಾನ್ನದ ತಟ್ಟೆ ಹಿಡಿದು ಟಿವಿ ಮುಂದೆ ಕೂತೆ. ರೆಡ್ ನೋಸ್ ಡೇ. ಊರಲ್ಲಿರುವವರಿಗೆ ಗೊತ್ತಿರಲಿಕ್ಕಿಲ್ಲ. ನಾನಿರುವ ಬ್ರಿಟನ್ನಿನಲ್ಲಿ, ಕಾಮಿಕ್ ರಿಲೀಫ್ ಅನ್ನುವ ದಾನ ಸಂಸ್ಥೆಗಾಗಿ ಬಿಬಿಸಿಯಲ್ಲಿ ಇಡೀ ಸಂಜೆ ನಡೆಯುವ ಚಂದಾ ವಸೂಲಿ ಇದು. ನಟರು, ಹಾಡುಗಾರರು, ಕಾಮಿಡಿಯವರು ಬಂದು ಕೋತಿಚೇಷ್ಟೆ ಮಾಡುತ್ತಾರೆ. ನಾವು ನಕ್ಕು, ಅತ್ತು, ದುಡ್ಡು ಕಳಿಸುತ್ತೇವೆ. ಬೆಳಗ್ಗೆ ಮಕ್ಕಳು ಯೂನಿಫಾರ್ಮ್ ಬಿಟ್ಟು ಕೆಂಪು ಬಟ್ಟೆ ಹಾಕಿಕೊಂಡು, ಒಂದು ಪೌಂಡ್ ಹಿಡಿದು ಸ್ಕೂಲಿಗೆ ಹೋಗುತ್ತಾರೆ. ನನ್ನ ಮಗಳು ಹಾಕಿಕೊಂಡಿದ್ದ ಕೋಡಂಗಿಯ ಕೆಂಪು ಮೂಗು ಬಸ್‌ಸ್ಟಾಪ್ ಮುಟ್ಟುವುದರೊಳಗೇ ಚರಂಡಿ ಪಾಲಾಗಿತ್ತು. ಅದು ಬೇರೆ ರಾಮಾಯಣ.

ವಿಷಯಕ್ಕೆ ಬರುತ್ತೇನೆ. ಮೊದಲು ಒಂದಿಷ್ಟು ನಗು. ಆಮೇಲೆ ದೀಪ ಮಂದವಾಗುತ್ತದೆ, ನಿರೂಪಕರ ದನಿ ಇಳಿಯುತ್ತದೆ. ಟೊಂಯ್... ಟೊಂಯ್... ಪಿಯಾನೋ. ಒಬ್ಬ ತಾಯಿಯ ಮುಖ. ಕ್ಯಾಮೆರಾ ಹತ್ತಿರ ಹೋಗುತ್ತದೆ, ಇನ್ನೂ ಹತ್ತಿರ. ಕಣ್ಣಲ್ಲಿ ನೀರು ತುಂಬಿ ಕೆನ್ನೆ ಮೇಲೆ ಇಳಿಯುವವರೆಗೂ ಅಲ್ಲೇ ಕಾಯುತ್ತದೆ. ಇಳಿದ ತಕ್ಷಣ ಫೋನ್ ನಂಬರ್. ಅದಾಗಿ ಒಂದು ನಿಮಿಷ ಕಳೆದಿಲ್ಲ, ಯಾರೋ ಮಹಾಶಯ ಮಿಂಚುವ ಚಡ್ಡಿ ಹಾಕಿಕೊಂಡು ಕುಣಿಯುತ್ತಿರುತ್ತಾನೆ.

“ರಿಮೋಟ್ ಎಲ್ಲಿ?” ಅಂತ ಕೂಗಿದೆ. “ಶುರುವಾಯ್ತಾ ನಿಂದು?” ಅಂದರು ನಮ್ಮನೆಯವರು. ಹೌದು, ಶುರುವಾಯ್ತು. ಪ್ರತಿ ಸಲ ಶುರುವಾಗುತ್ತದೆ.

ಇದರ ಹುಟ್ಟು ಒಳ್ಳೆಯದೇ. 1985ರಲ್ಲಿ ಇಥಿಯೋಪಿಯಾ ಬರಗಾಲ ನೋಡಿ ಚಿತ್ರಕಥೆಗಾರ ರಿಚರ್ಡ್ ಕರ್ಟಿಸ್ ಮತ್ತು ಹಾಸ್ಯನಟ ಲೆನ್ನಿ ಹೆನ್ರಿ ಶುರು ಮಾಡಿದ್ದು. 1988ರಲ್ಲಿ ಮೊದಲ ರೆಡ್ ನೋಸ್ ಡೇ, ಬಂದದ್ದು 1.5 ಕೋಟಿ ಪೌಂಡ್. 2015ರ ಹೊತ್ತಿಗೆ ಒಟ್ಟು ನೂರು ಕೋಟಿ ಪೌಂಡ್ ದಾಟಿತ್ತು. ದುಡ್ಡಿನ ಮೇಲೆ ನನಗೆ ಸಿಟ್ಟಿಲ್ಲ. ಸಿಟ್ಟು ಆ ಮುಖ ಹಿಡಿಯುವ ಕ್ಯಾಮೆರಾದ ಮೇಲೆ.

2017ರಲ್ಲಿ ಗಾಯಕ ಎಡ್ ಶೀರನ್ ಅವರನ್ನು ಲೈಬೀರಿಯಾಕ್ಕೆ ಕಳಿಸಿದ್ದರು. ಅಲ್ಲಿ ದೋಣಿಯೊಳಗೆ ಮಲಗುವ ಹುಡುಗನೊಬ್ಬ ಸಿಕ್ಕ. ಈ ಹುಡುಗನಿಗೂ ಜೊತೆಯವರಿಗೂ ಒಂದು ಮನೆ ಮಾಡಿಕೊಡೋಣ, ಎಷ್ಟಾದರೂ ಖರ್ಚು ನನ್ನದು ಅಂದರು ಶೀರನ್, ಕ್ಯಾಮೆರಾ ಮುಂದೆಯೇ. ಮನಸ್ಸು ಕರಗಿ ಹೇಳಿದ ಮಾತೇ ಇರಬೇಕು, ಇಲ್ಲ ಅನ್ನುವುದಿಲ್ಲ. ಆದರೆ ಸಿನಿಮಾ ಯಾರದ್ದಾಯ್ತು? ಆ ಹುಡುಗನದ್ದಲ್ಲ. ನಾರ್ವೆಯ ವಿದ್ಯಾರ್ಥಿಗಳ ಸಂಘಟನೆಯೊಂದು ಆ ವರ್ಷದ ‘ತುಕ್ಕು ಹಿಡಿದ ರೇಡಿಯೇಟರ್’ ಬಹುಮಾನವನ್ನು ಈ ವಿಡಿಯೋಗೆ ಕೊಟ್ಟಿತು. ಅಂದರೆ ಅತಿ ಕೆಟ್ಟ ಚಂದಾ ವಿಡಿಯೋಗೆ ಕೊಡುವ ಬಹುಮಾನ. ರೇಡಿಯೇಟರ್ ಅಂದರೆ ಇಲ್ಲಿ ಚಳಿಗೆ ಮನೆ ಬೆಚ್ಚಗಿಡುವ ಹೀಟರ್. ಇದೇ ಹುಡುಗರು 2012ರಲ್ಲಿ ಒಂದು ಅಣಕು ವಿಡಿಯೋ ಮಾಡಿದ್ದರು. ಪಾಪ, ನಾರ್ವೆಯವರು ಚಳಿಯಲ್ಲಿ ನಡುಗುತ್ತಿದ್ದಾರೆ ಅಂತ ಆಫ್ರಿಕಾದವರು ಹಾಡು ಹಾಡಿ ಮನೆಮನೆಯ ರೇಡಿಯೇಟರ್ ಕೂಡಿಸಿ ಕಳಿಸುತ್ತಾರೆ! ನಕ್ಕು ನಕ್ಕು ಸಾಕಾಗಿತ್ತು ನನಗೆ.

2019ರಲ್ಲಿ ಟಿವಿ ನಿರೂಪಕಿ ಸ್ಟೇಸಿ ಡೂಲಿ ಇದೇ ಸಂಸ್ಥೆಗಾಗಿ ಹೋಗಿ ಉಗಾಂಡಾದಲ್ಲಿ ಮಗುವೊಂದನ್ನು ಎತ್ತಿಕೊಂಡು ಫೋಟೋ ಹಾಕಿದರು. ಸಂಸದ ಡೇವಿಡ್ ಲ್ಯಾಮಿ, ಬಿಳಿಯರು ಬಂದು ಉದ್ಧಾರ ಮಾಡುವ ಈ ಕತೆ ಸಾಕು ಅಂದರು. ಅಬ್ಬಾ, ಎಷ್ಟು ಜನ ಲ್ಯಾಮಿ ಮೇಲೆ ಎಗರಿ ಬಿದ್ದರು! ಕೊನೆಗೆ 2020ರಲ್ಲಿ ಸಂಸ್ಥೆಯೇ, ಇನ್ನು ಆಫ್ರಿಕಾಕ್ಕೆ ಸೆಲೆಬ್ರಿಟಿಗಳನ್ನು ಕಳಿಸುವುದಿಲ್ಲ ಅಂತ ಹೇಳಿತು. ಸಂತೋಷ. ಪಿಯಾನೋ ಮಾತ್ರ ಎಲ್ಲೂ ಹೋಗಲಿಲ್ಲ.

“ಹೇಗಾದರೂ ಆಗಲಿ, ದುಡ್ಡು ಬರುತ್ತೆ ಅಲ್ವಾ? ಸೊಳ್ಳೆಪರದೆ ಬರುತ್ತೆ, ಲಸಿಕೆ ಬರುತ್ತೆ” ಅಂತ ಆಫೀಸಿನ ಗೆಳತಿ ಹೇಳುತ್ತಾಳೆ. ಬರುತ್ತೆ ತಾಯಿ, ಒಪ್ಪಿದೆ. ಸೊಳ್ಳೆಪರದೆಯೊಳಗೆ ಮಲಗಿದ ಮಗುವಿಗೆ ನನ್ನ ಸಿಟ್ಟು ಕಟ್ಟಿಕೊಂಡು ಏನಾಗಬೇಕು? ಆದರೆ ದುಡ್ಡಿನ ಲೆಕ್ಕವೇ ಆಡುವುದಾದರೆ ಪೂರ್ತಿ ಆಡೋಣ. 2020ರ ನವೆಂಬರಿನಲ್ಲಿ ಇಲ್ಲಿನ ಸರ್ಕಾರ ವಿದೇಶಿ ನೆರವನ್ನು ರಾಷ್ಟ್ರೀಯ ಆದಾಯದ ಶೇ. 0.7ರಿಂದ 0.5ಕ್ಕೆ ಇಳಿಸುವುದಾಗಿ ಹೇಳಿತು. ವರ್ಷಕ್ಕೆ ಸುಮಾರು 400 ಕೋಟಿ ಪೌಂಡ್ ಖೋತಾ. ಮೂವತ್ತು ವರ್ಷ ಕುಣಿದು ಕೂಡಿಸಿದ್ದು ನೂರು ಕೋಟಿ, ಒಂದೇ ವರ್ಷಕ್ಕೆ ಕಿತ್ತುಕೊಂಡದ್ದು ಅದರ ನಾಲ್ಕು ಪಟ್ಟು! ಆಮೇಲೆ ಬಂದ ಇನ್ನೊಂದು ಸರ್ಕಾರ 2025ರಲ್ಲಿ, 2027ಕ್ಕೆ ಶೇ. 0.3 ಮಾಡುತ್ತೇವೆ ಅಂತು. ಅದಕ್ಕೆ ಯಾರೂ ಪಿಯಾನೋ ನುಡಿಸಲಿಲ್ಲ. ಯಾರ ಮುಖಕ್ಕೂ ಕ್ಯಾಮೆರಾ ಹಿಡಿದು ಕಣ್ಣೀರಿಗೆ ಕಾಯಲಿಲ್ಲ.

2013ರಲ್ಲಿ ಬಿಬಿಸಿಯದ್ದೇ ಪನೋರಮಾ ಕಾರ್ಯಕ್ರಮ ಇನ್ನೊಂದು ಹೊರಗೆ ಹಾಕಿತ್ತು. ಹಂಚುವವರೆಗೆ ಹೂಡಿಟ್ಟಿದ್ದ ನಮ್ಮ ಚಂದಾ ದುಡ್ಡಿನಲ್ಲಿ ಒಂದಿಷ್ಟು ತಂಬಾಕು ಕಂಪನಿಗೂ ಶಸ್ತ್ರಾಸ್ತ್ರದ ಕಂಪನಿಗೂ ಹೋಗಿತ್ತಂತೆ. ಆಮೇಲೆ ನೀತಿ ಬದಲಾಯಿಸಿದರು ಅನ್ನಿ. ಆದರೂ ಬೀಡಿ ಕಂಪನಿ ಷೇರು ತಗೊಂಡು ಕ್ಷಯದ ಆಸ್ಪತ್ರೆಗೆ ಚಂದಾ ಎತ್ತಿದ ಹಾಗಾಯ್ತು.

ಹೆಸರಿದ್ದವರಿಂದ ಏನೂ ಆಗುವುದಿಲ್ಲ ಅಂತ ನಾನು ಹೇಳುತ್ತಿಲ್ಲ. ಅಣ್ಣಾವ್ರ ಕಣ್ಣು 2006ರಲ್ಲಿ ದಾನವಾಯ್ತು, ಅಪ್ಪು ಕಣ್ಣು 2021ರಲ್ಲಿ. ಅಪ್ಪು ಕಣ್ಣಿಂದ ನಾಲ್ಕು ಜನಕ್ಕೆ ದೃಷ್ಟಿ ಬಂತು. ಆಮೇಲೆ ನಮ್ಮ ಕಡೆ ಹಳ್ಳಿಹಳ್ಳಿಯಲ್ಲಿ ಹುಡುಗರು ನೇತ್ರದಾನಕ್ಕೆ ಹೆಸರು ಬರೆಸಿದರು. ನನ್ನ ತಮ್ಮನೂ ಬರೆಸಿದ, ಡಾಕ್ಟರ್ ಹತ್ತಿರ ಹೋಗು ಅಂದರೆ ಜ್ವರದಲ್ಲೂ ಹೋಗದವನು. ಅದಕ್ಕಾಗಿ ಯಾವ ಅಂಧರ ಮುಖವನ್ನೂ ಪರದೆ ತುಂಬಾ ಹಿಡಿದು ತೋರಿಸಬೇಕಾಗಲಿಲ್ಲ.

ಸರಿ, ನನ್ನದೂ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನೀವೇ ಎತ್ತುತ್ತೀರಿ. 2018ರಲ್ಲಿ ಕೊಡಗಿನಲ್ಲಿ ಗುಡ್ಡ ಕುಸಿದಾಗ ಇಲ್ಲಿ ನಾಲ್ಕು ಮನೆಯವರು ಸೇರಿ ಬಿಸಿಬೇಳೆಬಾತ್ ಮಾರಿ ದುಡ್ಡು ಕೂಡಿಸಿದೆವು. ಆಮೇಲೆ ಬಾಗಿಲಷ್ಟು ಉದ್ದದ ರಟ್ಟಿನ ಚೆಕ್ ಮಾಡಿಸಿ, ಅದನ್ನು ಹಿಡಿದು ಫೋಟೋ! ಆ ರಟ್ಟಿಗೇ ಹದಿನೆಂಟು ಪೌಂಡ್ ಕೊಟ್ಟಿದ್ದೆವು. ಫೋಟೋ ನನ್ನ ಪ್ರೊಫೈಲ್‌ನಲ್ಲಿ ಇನ್ನೂ ಇದೆ. ಆ ಸೀರೆಯಲ್ಲಿ ಚೆನ್ನಾಗಿ ಕಾಣುತ್ತೇನೆ ಅಂತ ತೆಗೆದಿಲ್ಲ.

ಆದರೆ ಆಚೆ ಬದಿಯಲ್ಲೂ ನಿಂತವಳು ನಾನು. ನಮ್ಮೂರು ಹಾಸನ ಜಿಲ್ಲೆಯ ಅರಕಲಗೂಡು ಕಡೆ. ಐದನೇ ಕ್ಲಾಸಿನಲ್ಲಿದ್ದಾಗ ಯಾರೋ ದೊಡ್ಡ ಮನುಷ್ಯರು ಬಂದು ಬಡ ಮಕ್ಕಳಿಗೆ ನೋಟ್‌ಬುಕ್ ಹಂಚಿದರು. ಬಡ ಮಕ್ಕಳು ಕೈ ಎತ್ತಿ ಅಂದರು ಮೇಷ್ಟ್ರು. ಎತ್ತಿದೆವು. ಸಾಲಾಗಿ ನಿಲ್ಲಿಸಿದರು. ನನ್ನ ಸರದಿ ಬಂದಾಗ ಫ್ಲಾಷ್ ಹೊಡೆಯಲಿಲ್ಲ. “ಪಾಪು, ವಾಪಸ್ ಕೊಡಮ್ಮ” ಅಂದ ಫೋಟೋದವನು. ಕೊಟ್ಟೆ. ಮತ್ತೆ ಕೈಚಾಚಿ ತಗೊಂಡೆ. ಆಗಲೂ ಹೊಡೆಯಲಿಲ್ಲ. ಮೂರನೇ ಸಲ ತಗೊಳ್ಳುವಾಗ ಹಿಂದಿನ ಸಾಲಿನ ಹುಡುಗರು ಕಿಸಿಕಿಸಿ ನಗುತ್ತಿದ್ದರು. ಪುಸ್ತಕದ ಮೇಲೆ ಕೊಟ್ಟವರ ಹೆಸರು ಇಷ್ಟು ದಪ್ಪ. ನನ್ನ ಹೆಸರು ಬರೆಯಲು ಮೂಲೆಯಲ್ಲಿ ಒಂದು ಸಣ್ಣ ಗೆರೆ.

ಪುಸ್ತಕ ಒಳ್ಳೆಯದಿತ್ತು, ಸುಳ್ಳು ಹೇಳುವುದಿಲ್ಲ. ಇನ್ನೂರು ಪುಟ. ಅದರಲ್ಲೇ ಆ ವರ್ಷದ ಲೆಕ್ಕ ಪೂರ್ತಿ ಮಾಡಿದೆ. ಆ ಫೋಟೋವನ್ನು ಮಾತ್ರ ಇವತ್ತಿನವರೆಗೂ ನೋಡಿಲ್ಲ. ಯಾರ ಮನೆಯ ಆಲ್ಬಮ್ಮಿನಲ್ಲಿ ಇದೆಯೋ.

ನೀನೆಷ್ಟು ಕಳಿಸಿದೆ ಅಂತ ಕೇಳುವವರಿಗೆ: ಹತ್ತು ಪೌಂಡ್. ಟಿವಿ ಆಫ್ ಮಾಡಿದ ಮೇಲೆ. ರಿಮೋಟ್ ಚಿತ್ರಾನ್ನದ ತಟ್ಟೆ ಕೆಳಗೇ ಇತ್ತು.