ಆಟದ ವಸಾಹತು ಇತಿಹಾಸದ ಹಾಗೇ ಇರಬೇಕೆ?

ಯುರೋಪಾ ಯುನಿವರ್ಸಾಲಿಸ್ 4 ಅನ್ನುವ ಕಂಪ್ಯೂಟರ್ ಆಟ 1444ರ ನವೆಂಬರ್ 11ಕ್ಕೆ ಶುರುವಾಗಿ 1821ಕ್ಕೆ ಮುಗಿಯುತ್ತದೆ. ಯಾವ ರಾಜ್ಯವನ್ನು ಬೇಕಾದರೂ ಹಿಡಿದು ಆಡಬಹುದು. ನಮ್ಮ ವಿಜಯನಗರವೂ ಇದೆ, ಬಹಮನಿಯೂ ಇದೆ. ಆಟದ ಫೈಲುಗಳನ್ನು ತಿದ್ದಿ ನಿಯಮ ಬದಲಾಯಿಸುವುದಕ್ಕೆ ಆಟಗಾರರು 'ಮಾಡ್' ಅನ್ನುತ್ತಾರೆ. ಅಮೆರಿಕದ ವಸಾಹತುಗಳು ನಿಜವಾಗಿ ಹೇಗೆ ಬೆಳೆದವೋ ಆಟದಲ್ಲೂ ಹಾಗೇ ಬೆಳೆಯುವಂತೆ ಮಾಡ್ ಬರೆಯಬೇಕೆ? ಇಬ್ಬರು ಗೆಳೆಯರು ಇಲ್ಲಿ ಬರೆದಿದ್ದಾರೆ. ಒಬ್ಬ ಅಂಥ ಮಾಡ್ ಬರೆಯುತ್ತಿರುವವನು. ಇನ್ನೊಬ್ಬ ಅದನ್ನು ಆಡಿ ನೋಡಿದವನು.

ಪರ: ಆ ಜಾಗ ಖಾಲಿ ಇರಲಿಲ್ಲ

ಮೂಲ ಆಟದಲ್ಲಿ ವಸಾಹತು ಕಟ್ಟುವುದು ತುಂಬಾ ಸುಲಭ. ನಕ್ಷೆಯಲ್ಲಿ ಯಾವ ರಾಜ್ಯದ ಬಣ್ಣವೂ ಇಲ್ಲದ ಜಾಗ ನೋಡಿ ಅಲ್ಲಿಗೆ ಜನರನ್ನು ಕಳಿಸಬೇಕು. ಖಜಾನೆಯಿಂದ ಒಂದಿಷ್ಟು ದುಡ್ಡು ಹೋಗುತ್ತಿರುತ್ತದೆ, ಜನರ ಸಂಖ್ಯೆ ಏರುತ್ತಿರುತ್ತದೆ. 1000 ಮುಟ್ಟಿತೋ, ಜಾಗ ಪೂರ್ತಿ ನಿಮ್ಮದು. ಮೊದಲಿಂದ ಅಲ್ಲೇ ಇದ್ದ ಜನ ಏನಾದರು? ಅವರ ಮೇಲೆ ಸೈನ್ಯ ನುಗ್ಗಿಸಲು ಒಂದು ಬಟನ್ ಇದೆ. ಒತ್ತದೆ ಬಿಟ್ಟರೆ, ವಸಾಹತು ಮುಗಿದ ದಿನ ಅವರೆಲ್ಲ ಆ ಪ್ರಾಂತ್ಯದ ಸರಕು ಉತ್ಪಾದನೆಯಲ್ಲಿ ಒಂದು ಚೂರು ಹೆಚ್ಚಳವಾಗಿ ಸೇರಿಹೋಗುತ್ತಾರೆ. ಅಷ್ಟೇ.

ನಾನು ಮಾಡ್ ಬರೆಯಲು ಕೂತದ್ದು ಒಂದು ಫೈಲ್ ನೋಡಿ. ಪ್ರತಿ ಪ್ರಾಂತ್ಯಕ್ಕೂ ಒಂದೊಂದು ಸಣ್ಣ ಪಠ್ಯದ ಫೈಲ್ ಇರುತ್ತದೆ, ನೋಟ್‌ಪ್ಯಾಡ್‌ನಲ್ಲೇ ತೆರೆಯುತ್ತದೆ. ಅಲ್ಲಿನ ಮೂಲನಿವಾಸಿಗಳ ಬಗ್ಗೆ ಅದರಲ್ಲಿ ಮೂರು ಅಂಕಿ ಇವೆ. ಎಷ್ಟು ಜನ, ಎಷ್ಟು ಉಗ್ರರು, ಎಷ್ಟು ಹಗೆ ಸಾಧಿಸುತ್ತಾರೆ. ಅವರು ಏನು ಬೆಳೆಯುತ್ತಾರೆ, ಯಾರ ಜೊತೆ ವ್ಯಾಪಾರ ಮಾಡುತ್ತಾರೆ ಅನ್ನುವುದಕ್ಕೆ ಒಂದು ಸಾಲೂ ಇಲ್ಲ. ಓದಿ ಹೊಟ್ಟೆ ಉರಿಯಿತು.

ಯಾಕೆಂದರೆ ನಿಜವಾದ ಕಥೆಯೆಲ್ಲ ಆ ಇಲ್ಲದ ಸಾಲಿನಲ್ಲೇ ಇದೆ. 1607ರಲ್ಲಿ ವರ್ಜೀನಿಯಾದ ಜೇಮ್ಸ್‌ಟೌನ್‌ನಲ್ಲಿ ನೂರು ಚಿಲ್ಲರೆ ಇಂಗ್ಲಿಷರು ಇಳಿದರು. ಬದುಕಿದ್ದು ಸುತ್ತಲಿನ ಪೌಹಾಟನ್ ಜನ ಬೆಳೆದ ಮೆಕ್ಕೆಜೋಳದಿಂದ. ತಾಮ್ರ ಕೊಟ್ಟು ಜೋಳ ತಗೊಳ್ಳುತ್ತಿದ್ದರು, ಕೊಡದಿದ್ದರೆ ಕಿತ್ತುಕೊಳ್ಳುತ್ತಿದ್ದರು. ಸಂಬಂಧ ಕೆಟ್ಟಿತು. 1609ರ ಚಳಿಗಾಲಕ್ಕೆ ಪೌಹಾಟನ್ನರು ಜೋಳ ನಿಲ್ಲಿಸಿ ಕೋಟೆಗೆ ಮುತ್ತಿಗೆ ಹಾಕಿದರು. ಒಳಗೆ ಕೆಲವು ನೂರು ಜನ ಇದ್ದರು. ಕುದುರೆ, ನಾಯಿ, ಇಲಿ ಎಲ್ಲ ತಿಂದರು. ವಸಂತ ಬಂದಾಗ ಉಳಿದವರು ಸುಮಾರು 60. 1610ರ ಜೂನ್‌ನಲ್ಲಿ ಊರನ್ನೇ ಬಿಟ್ಟು ಹಡಗು ಹತ್ತಿದ್ದರು, ಎದುರಿಗೆ ಸಾಮಾನು ತುಂಬಿದ ಹಡಗುಗಳು ಬಂದದ್ದರಿಂದ ವಾಪಸ್ ತಿರುಗಿದರು.

ಇದೊಂದೇ ಅಲ್ಲ. 1608ರಲ್ಲಿ ಕೆನಡಾದ ಕ್ವಿಬೆಕ್‌ನಲ್ಲಿ ಚಳಿಗಾಲಕ್ಕೆ ನಿಂತ 28 ಫ್ರೆಂಚರಲ್ಲಿ 8 ಜನ ಉಳಿದರು. ಅಮೆರಿಕದ ಪೂರ್ವ ಕರಾವಳಿಯ ರೋನೋಕ್ ದ್ವೀಪದಲ್ಲಿ 1587ರಲ್ಲಿ ನೆಲೆಸಿದ ಇಂಗ್ಲಿಷರನ್ನು ನೋಡಲು 1590ರಲ್ಲಿ ಹಡಗು ಬಂದರೆ ಅಲ್ಲಿ ಒಬ್ಬರೂ ಇರಲಿಲ್ಲ. ಸ್ಕಾಟ್ಲೆಂಡ್ ದೇಶದ ಬಂಡವಾಳದಲ್ಲಿ ದೊಡ್ಡ ಪಾಲನ್ನೇ ಪನಾಮದ ಡೇರಿಯನ್‌ಗೆ ಸುರಿಯಿತು. 1698ರಲ್ಲಿ ಹೋದರು, 1700ಕ್ಕೆ ಎಲ್ಲ ಮುಗಿಯಿತು. 1707ರಲ್ಲಿ ಸ್ಕಾಟ್ಲೆಂಡ್ ಇಂಗ್ಲೆಂಡ್ ಜೊತೆ ಒಂದಾಗಲು ಆ ನಷ್ಟವೂ ಒಂದು ಕಾರಣ. ಒಂದು ವಸಾಹತು ಸೋತರೆ ರಾಜ್ಯವೇ ಕೈತಪ್ಪಬಹುದು ಅನ್ನುವ ಭಯ ಮೂಲ ಆಟದಲ್ಲಿ ಎಲ್ಲಿದೆ ಹೇಳಿ?

ಹಾಗಾಗಿ ನನ್ನ ಮಾಡ್‌ನಲ್ಲಿ ನಾಲ್ಕನೇ ಅಂಕಿ ಸೇರಿಸಿದೆ: ಧಾನ್ಯ. ಸುತ್ತಲಿನ ಜನರ ಜೊತೆ ವ್ಯಾಪಾರ ಇದ್ದರೆ ಧಾನ್ಯ ಬರುತ್ತದೆ. ದಾಳಿ ಬಟನ್ ಒತ್ತಿದರೆ ಅದೂ ಸೊನ್ನೆಯಾಗುತ್ತದೆ, ಮುಂದಿನ ಚಳಿಗಾಲ ಊರು ಸಾಯುತ್ತದೆ. ಇಂಗ್ಲೆಂಡ್ ಹಿಡಿದು ಆಡಿ ನೋಡಿದೆ. ಮೊದಲ ಎರಡು ಊರು ಸತ್ತವು. ಮೂರನೆಯದು ಉಳಿಯಿತು, ಆದರೆ ಹತ್ತು ವರ್ಷ ನಾನು ಎದುರಿನವರ ಮರ್ಜಿಯಲ್ಲಿ ಬದುಕಬೇಕಾಯಿತು. ಆಗ ಮೊದಲ ಸಲ ಅವರು ಯಾರು, ಅವರಿಗೆ ಏನು ಬೇಕು ಅಂತ ಯೋಚನೆ ಮಾಡಿದೆ.

ಇನ್ನು ಗುಲಾಮರ ವಿಷಯ. ಮೂಲ ಆಟದಲ್ಲಿ ಬಟ್ಟೆ, ಸಕ್ಕರೆ, ಮಸಾಲೆಯ ಹಾಗೆ ಗುಲಾಮರೂ ಒಂದು ಸರಕು. ಅದಕ್ಕೊಂದು ಪುಟ್ಟ ಚಿತ್ರ, ಒಂದು ಬೆಲೆ. ಆಫ್ರಿಕಾದಿಂದ ಸುಮಾರು 1 ಕೋಟಿ 25 ಲಕ್ಷ ಜನರನ್ನು ಹಡಗಿಗೆ ಹತ್ತಿಸಿದರು. ಅದರಲ್ಲಿ ಸುಮಾರು 18 ಲಕ್ಷ ಜನ ದಾರಿಯಲ್ಲೇ ಸತ್ತರು. ಕೆರಿಬಿಯನ್ ಮತ್ತು ಬ್ರೆಜಿಲ್‌ನ ಸಕ್ಕರೆ ನಿಂತಿದ್ದು ಇವರ ಮೈಮೇಲೆ. ಸಕ್ಕರೆಯ ಲಾಭ ತೋರಿಸಿ ಈ ಲೆಕ್ಕ ಬಚ್ಚಿಟ್ಟರೆ ಆಟ ಸುಳ್ಳು ಹೇಳಿದ ಹಾಗೆ. 1994ರಲ್ಲಿ ಬಂದ ಕಾಲೊನೈಸೇಶನ್ ಅನ್ನುವ ಆಟ ಗುಲಾಮಗಿರಿಯನ್ನೇ ಪೂರ್ತಿ ಬಿಟ್ಟುಬಿಟ್ಟಿತ್ತು. ಬಿಟ್ಟರೆ ನೋವು ಕಮ್ಮಿಯಾಗುವುದಿಲ್ಲ, ನೊಂದವರೇ ಕಾಣದ ಹಾಗಾಗುತ್ತದೆ.

ಆಟ ಆಡುತ್ತಲೇ ಭೂಪಟ ಕಲಿತವನು ನಾನು. ನನ್ನ ಹಾಗೆ ಕಲಿಯುವ ಹುಡುಗರು ತುಂಬಾ ಜನ ಇದ್ದಾರೆ. ಅಮೆರಿಕ ಖಾಲಿ ಇತ್ತು ಅಂತ ಅವರು ಕಲಿಯಬಾರದು.

ವಿರೋಧ: ಒಂದೇ ಬಟನ್ ಇದ್ದರೆ ಅದು ಇತಿಹಾಸವಲ್ಲ

ಗೆಳೆಯನ ಮಾಡ್ ಆಡಿದೆ. ಧಾನ್ಯದ ಲೆಕ್ಕ ನಿಜಕ್ಕೂ ಚೆನ್ನಾಗಿದೆ. ಆದರೆ ನಾನು ಇಂಗ್ಲೆಂಡ್ ಹಿಡಿಯಲಿಲ್ಲ, ಈಗಿನ ಮೆಕ್ಸಿಕೋದಲ್ಲಿದ್ದ ಅಜ್ಟೆಕ್ ರಾಜ್ಯ ಹಿಡಿದೆ. ಹದಿನಾರನೇ ಶತಮಾನದ ಹೊತ್ತಿಗೆ ರಾಜ್ಯ ಗಟ್ಟಿ ಮಾಡಿಕೊಂಡಿದ್ದೆ. 1520ಕ್ಕೆ ಪರದೆ ಮೇಲೆ ಒಂದು ಪೆಟ್ಟಿಗೆ ತೆರೆಯಿತು. ಸಿಡುಬು ಬಂದಿದೆ, ಜನರಲ್ಲಿ ಅರ್ಧ ಹೋದರು. ಕೆಳಗೆ ಒಂದೇ ಬಟನ್: 'ಸರಿ'. ಬೇರೆ ದಾರಿಯೇ ಇಲ್ಲ. ಒತ್ತಿದೆ. ಎರಡು ವರ್ಷದ ನಂತರ ಇನ್ನೊಂದು ಪೆಟ್ಟಿಗೆ, ಮತ್ತೆ 'ಸರಿ'. ಕಂಪ್ಯೂಟರ್ ಮುಚ್ಚಿ ಎದ್ದೆ.

ಸಿಡುಬು ಬಂದದ್ದು ನಿಜ. 1520ರಲ್ಲಿ ಅಜ್ಟೆಕ್ ರಾಜಧಾನಿ ಟೆನೊಚ್‌ಟಿಟ್ಲಾನ್‌ನಲ್ಲಿ ಜನ ರಾಶಿ ರಾಶಿ ಸತ್ತದ್ದೂ ನಿಜ. ಆದರೆ 1521ರ ಆಗಸ್ಟ್ 13ಕ್ಕೆ ಆ ನಗರ ಬಿದ್ದದ್ದು ರೋಗ ಒಂದರಿಂದಲೇ ಅಲ್ಲ, ಸ್ಪೇನಿನ ದಂಡನಾಯಕ ಕೋರ್ಟೆಸ್ ಕರೆತಂದ ಕೆಲವು ನೂರು ಸ್ಪೇನಿಯರಿಂದಲೂ ಅಲ್ಲ. ಅವರ ಜೊತೆ ಅಜ್ಟೆಕರ ಶತ್ರುಗಳಾದ ನೆರೆಯ ತ್ಲಾಸ್ಕಲಾ ರಾಜ್ಯದ ಸಾವಿರಾರು ಸೈನಿಕರಿದ್ದರು. ಅದೇ ತ್ಲಾಸ್ಕಲಾದವರು 1519ರ ಸೆಪ್ಟೆಂಬರ್‌ನಲ್ಲಿ ಸ್ಪೇನಿಯರ ಮೇಲೆ ಯುದ್ಧ ಮಾಡಿದ್ದರು. ಆಮೇಲೆ ಅವರ ಹಿರಿಯರು ಕೂತು ಮಾತಾಡಿದರು. ಮಾಶಿಷ್ಕಾತ್ಸಿನ್ ಹೊಸಬರ ಜೊತೆ ಸೇರೋಣ ಅಂದ. ಸೇನಾಪತಿ ಕಿರಿಯ ಶಿಕೊತೆನ್ಕಾತ್ಲ್ ಬೇಡವೇ ಬೇಡ ಅಂದ. ಆ ಸಭೆಯ ತೀರ್ಮಾನ ಇನ್ನೊಂದು ಥರ ಆಗಬಹುದಿತ್ತು, ಅಲ್ವಾ? ಮಾಡ್‌ನಲ್ಲಿ ಆ ಸಭೆಗೆ ಒಂದು ಸಾಲೂ ಇಲ್ಲ. ಸಿಡುಬಿಗೆ ಮಾತ್ರ ತಾರೀಖು ಇದೆ.

ನನ್ನ ದೂರು ಇದೇ. 'ನಿಜದಂತೆ' ಅಂದಾಗ ಮಾಡ್ ಬರೆಯುವವರು ಆದ ಫಲಿತಾಂಶವನ್ನು ನಕಲು ಮಾಡುತ್ತಾರೆ. ನಕ್ಷೆ 1821ಕ್ಕೆ ಪುಸ್ತಕದ ನಕ್ಷೆಯ ಹಾಗೆ ಕಂಡರೆ ಗೆದ್ದೆವು ಅಂದುಕೊಳ್ಳುತ್ತಾರೆ. ಆದದ್ದೆಲ್ಲ ಹಾಗೇ ಆಗಬೇಕಿತ್ತು ಅಂತ ಆಟ ಹೇಳಿಕೊಡುತ್ತದೆ. ಸೋತವರು ಸೋಲಲೆಂದೇ ಹುಟ್ಟಿದವರ ಹಾಗೆ ಕಾಣುತ್ತಾರೆ. ಖಾಲಿ ಜಾಗ ಅನ್ನುವ ಸುಳ್ಳಿಗಿಂತ ಈ ಸುಳ್ಳು ಚಿಕ್ಕದೇನಲ್ಲ.

ಚಿಲಿಯ ಮಾಪುಚೆ ಜನರನ್ನು ನೋಡಿ. ಸ್ಪೇನಿಯರ ಕುದುರೆಗಳನ್ನು ಹಿಡಿದು ಅವರಿಗಿಂತ ಚೆನ್ನಾಗಿ ಸವಾರಿ ಕಲಿತರು. 1598ರಲ್ಲಿ ಕುರಲಾಬಾದಲ್ಲಿ ಸ್ಪೇನಿನ ಗವರ್ನರನನ್ನೇ ಕೊಂದರು. ಬಿಯೊಬಿಯೊ ನದಿಯ ದಕ್ಷಿಣಕ್ಕೆ ಸ್ಪೇನ್ ಕಟ್ಟಿದ್ದ ಊರುಗಳು ಒಂದೊಂದಾಗಿ ಬಿದ್ದವು. 1641ರಲ್ಲಿ ಕಿಲಿನ್‌ನಲ್ಲಿ ಸ್ಪೇನ್ ಮಾತುಕತೆಗೆ ಕೂತು ಆ ನದಿಯೇ ಗಡಿ ಅಂತ ಒಪ್ಪಿಕೊಂಡಿತು. 1560ರಲ್ಲಿ ಯಾರಾದರೂ ಇಂಥ ಮಾಡ್ ಬರೆದಿದ್ದರೆ ಮಾಪುಚೆ ಗೆಲುವನ್ನು 'ನಿಜಕ್ಕೆ ದೂರ' ಅಂತ ಅಳಿಸಿಹಾಕುತ್ತಿದ್ದರು.

ಗುಲಾಮರ ಲೆಕ್ಕದ ಬಗ್ಗೆ ಗೆಳೆಯನ ನೋವು ನನಗೆ ಅರ್ಥವಾಗುತ್ತದೆ. ಆದರೆ ಆಟದಲ್ಲಿ ಏನಾಯಿತು ಗೊತ್ತಾ? ಒಂದೇ ಒಂದು ಸಲ ಪೋರ್ಚುಗಲ್ ಆಡಿದೆ. ಅವನ ಮಾಡ್‌ನಲ್ಲಿ, ಹಡಗಿನಲ್ಲಿ ಸತ್ತ ಗುಲಾಮರ ಶೇಕಡಾವಾರು ಅಂಕಿ ಮೇಲ್ಗಡೆ ಮೂಲೆಯಲ್ಲಿ ಇರುತ್ತದೆ. ಅರ್ಧ ಗಂಟೆಯಲ್ಲಿ ಆ ಅಂಕಿ ಇಳಿಸಿ ಲಾಭ ಏರಿಸುವುದು ಹೇಗೆ ಅಂತ ಕಲಿತುಬಿಟ್ಟೆ. ಅಂಕಿ ಇಳಿದಾಗ ಖುಷಿಯೂ ಆಯಿತು. ಲಿಸ್ಬನ್‌ನಲ್ಲಿ ಕೂತ ವ್ಯಾಪಾರಿಯೂ ಇದೇ ಲೆಕ್ಕ ಹಾಕಿರುತ್ತಾನೆ. ಆ ಖುಷಿ ನೆನಪಾದರೆ ಈಗಲೂ ಮೈ ಜುಮ್ಮೆನ್ನುತ್ತದೆ. ವಿವರ ಜಾಸ್ತಿಯಾದರೂ ಆಟಗಾರ ಕೂತ ಕುರ್ಚಿ ಬದಲಾಗಲಿಲ್ಲ.

ಕುರ್ಚಿಯ ಈ ಮಾತು ನಾನೊಬ್ಬನೇ ಹೇಳುತ್ತಿಲ್ಲ. ಸಿವಿಲೈಸೇಶನ್ 6 ಆಟಕ್ಕೆ ಮೂಲನಿವಾಸಿಗಳಾದ ಕ್ರೀ ಜನರ ನಾಯಕ ಪೌಂಡ್‌ಮೇಕರ್‌ನನ್ನು ಸೇರಿಸಿದಾಗ, 2018ರಲ್ಲಿ ಕೆನಡಾದ ಆ ಸಮುದಾಯದ ಮುಖಂಡರೇ ಆಕ್ಷೇಪ ಎತ್ತಿದರು. ನೆಲ ಗೆಲ್ಲುವುದೇ ಗುರಿಯಾದ ಆಟದಲ್ಲಿ ನಮ್ಮನ್ನು ಕೂರಿಸಿದರೆ ನಾವೂ ವಸಾಹತುಗಾರರ ಹಾಗೇ ಯೋಚಿಸುತ್ತಿದ್ದೆವು ಅನ್ನಿಸುತ್ತದೆ ಅನ್ನುವುದು ಅವರ ಮಾತಿನ ತಿರುಳು.

ಆಟ ನಿಧಾನವಾಗುತ್ತದೆ, ಮಾಡ್ ಹಾಕಿದರೆ ಸಾಧನೆಯ ಪದಕಗಳು ಸಿಗುವುದಿಲ್ಲ ಅಂತ ಕೆಲವರು ಗೊಣಗುತ್ತಾರೆ. ಅದು ನನಗೆ ಮುಖ್ಯ ಅನ್ನಿಸಿಲ್ಲ.

ಗೆಳೆಯನಿಗೆ ನಾನು ಕೇಳಿದ್ದು ಒಂದೇ. ತ್ಲಾಸ್ಕಲಾದ ಆ ಸಭೆಯನ್ನು ಬರೆ. ಇಬ್ಬರ ಮಾತೂ ಇರಲಿ, ತೀರ್ಮಾನ ಆಡುವವನಿಗೆ ಬಿಡು. ಸಿಡುಬು ಬಂದಾಗ ಊರು ಬಿಟ್ಟು ಚದುರುವುದೋ, ನಗರದಲ್ಲೇ ನಿಂತು ಕಾಯುವುದೋ, ಹಳೆಯ ಶತ್ರುವಿನ ಜೊತೆ ರಾಜಿಯಾಗುವುದೋ, ಅದನ್ನೂ ಬಿಡು. ಮುಂದಿನ ಸಲ ಪೆಟ್ಟಿಗೆ ತೆರೆದಾಗ 'ಸರಿ' ಪಕ್ಕದಲ್ಲಿ ಇನ್ನೊಂದು ಬಟನ್ ಇದ್ದರೆ ಮತ್ತೆ ಅಜ್ಟೆಕ್ ಹಿಡಿದು ಕೂರುತ್ತೇನೆ.