ಅಳುವುದಕ್ಕೆ ಎರಡು ನಿಮಿಷ

ಮಲೆನಾಡಿನಲ್ಲಿ ಮುಂಗಾರು ಮತ್ತು ಎಲ್‌ಕೆಜಿ ಹೆಚ್ಚುಕಡಿಮೆ ಒಂದೇ ವಾರದಲ್ಲಿ ಹಿಡಿದುಕೊಳ್ಳುತ್ತವೆ. ಹಿಡಿದುಕೊಂಡ ಮೇಲೆ ಎರಡೂ ಸುಲಭಕ್ಕೆ ಹೊಳವಾಗುವುದಿಲ್ಲ. ಈ ವರ್ಷ ನಮ್ಮ ಮನೆಗೆ ಎರಡಕ್ಕಿಂತಲೂ ಮೊದಲು ಬಂದದ್ದು ಒಂದು ಸುತ್ತೋಲೆ. ಮೊಮ್ಮಗಳನ್ನು ಸೇರಿಸಿದ್ದ ಶಿವಮೊಗ್ಗದ ಶಾಲೆಯೊಂದು, ಮಕ್ಕಳೂ ಪೋಷಕರೂ ಹೊಸ ವಾತಾವರಣಕ್ಕೆ ಹೊಂದಿಕೊಳ್ಳಲೆಂದು ‘ಸೆಟ್ಲಿಂಗ್ ಇನ್ ಪ್ರೋಗ್ರಾಂ’ ಎಂಬುದನ್ನು ಹಮ್ಮಿಕೊಂಡಿರುವುದಾಗಿ ನಾಲ್ಕು ಪುಟಗಳ ಇಂಗ್ಲಿಷಿನಲ್ಲಿ ತಿಳಿಸಿತ್ತು. ಇಂಥದ್ದನ್ನು ನೀವೆಲ್ಲರೂ ಓದಿದ್ದೀರಿ, ಆದ್ದರಿಂದ ಪೂರ್ತಿ ಒಪ್ಪಿಸುವುದಿಲ್ಲ. ಸಾರಾಂಶ ಇಷ್ಟು: ಪೋಷಕರು ಗೇಟಿನ ಬಳಿ ಮಗುವನ್ನು ಒಪ್ಪಿಸಿ ಎರಡು ನಿಮಿಷದೊಳಗೆ ಜಾಗ ಖಾಲಿ ಮಾಡತಕ್ಕದ್ದು, ಹಿಂತಿರುಗಿ ನೋಡತಕ್ಕದ್ದಲ್ಲ, ಕಾಂಪೌಂಡಿನ ಮೇಲಿಂದ ಇಣುಕತಕ್ಕದ್ದಲ್ಲ, ಮಗು ಅತ್ತರೆ ಸಕಾರಾತ್ಮಕವಾಗಿರತಕ್ಕದ್ದು. ಇದಕ್ಕೂ ಮೊದಲು ‘ಮೈ ಫಸ್ಟ್ ಡೇ’ ಎಂದು ಬರೆದ ಥರ್ಮೋಕೋಲಿನ ಚೌಕಟ್ಟಿನೊಳಗೆ ಮಗುವನ್ನು ನಿಲ್ಲಿಸಿ ಫೋಟೋ ತೆಗೆಸಿಕೊಳ್ಳಬೇಕು, ಅದಕ್ಕೆ ಪ್ರತಿ ಕುಟುಂಬಕ್ಕೆ ಐದು ನಿಮಿಷ ಮೀಸಲು. ನಗುವುದಕ್ಕೆ ಐದು, ಅಳುವುದಕ್ಕೆ ಎರಡು. ಅಡಿಕೆ ಮಂಡಿಯಲ್ಲಿ ಒಂದು ಮೂಟೆಯನ್ನು ಇಳಿಸಿ ತೂಕಕ್ಕೆ ಇಡುವುದಕ್ಕೂ ಇದಕ್ಕಿಂತ ಹೆಚ್ಚು ವ್ಯವಧಾನ ತೋರುತ್ತಾರೆ.

ಮಂಡಿಯ ಮಾತು ಬಂದದ್ದರಿಂದ ಹೇಳುತ್ತೇನೆ. ಅಡಿಕೆಯನ್ನು ಸರಕು, ಬೆಟ್ಟೆ, ರಾಶಿ, ಗೊರಬಲು ಎಂದು ದರ್ಜೆವಾರು ವಿಂಗಡಿಸುವ ಊರು ನಮ್ಮದು. ಆದರೆ ನಾವು ಅಡಿಕೆಯನ್ನು ಮರದ ಮೇಲಿದ್ದಾಗಲೇ ಸರಕೋ ಗೊರಬಲೋ ಎಂದು ಕೂಗುವುದಿಲ್ಲ. ಕೊನೆ ಇಳಿಸಿ, ಸುಲಿದು, ಚೊಗರಿನಲ್ಲಿ ಬೇಯಿಸಿ, ಅಂಗಳದಲ್ಲಿ ಒಣಗಿಸಿ, ಆಮೇಲೆ ದರ ಕೇಳುತ್ತೇವೆ. ಶಾಲೆಗಳಿಗೆ ಅಷ್ಟು ಪುರುಸೊತ್ತಿಲ್ಲ. ಜನವರಿಯಲ್ಲೇ ಮೊಮ್ಮಗಳನ್ನು ಒಂದು ಕುರ್ಚಿಯ ಮೇಲೆ ಕೂರಿಸಿ, ಬಾಳೆಹಣ್ಣಿನ ಚಿತ್ರ ತೋರಿಸಿ ಇದೇನು ಎಂದು ಕೇಳಿದರು. ಅವಳು ‘ಪುಟ್ಬಾಳೆ’ ಎಂದಳು. ತೀರ್ಥಹಳ್ಳಿ ಕಡೆಯ ತೋಟದಲ್ಲಿ ಬೆಳೆದ ಮಗು ಹಣ್ಣನ್ನಷ್ಟೇ ಅಲ್ಲ, ತಳಿಯನ್ನೂ ಗುರುತಿಸಿತ್ತು. ಎದುರಿಗಿದ್ದವರು ಹಾಳೆಯ ಮೇಲೆ ಏನೋ ಗೀಚಿಕೊಂಡು ‘ನೀಡ್ಸ್ ಎಕ್ಸ್‌ಪೋಶರ್’ ಎಂದರು.

ಮಗುವನ್ನಾಗಲೀ ಪೋಷಕರನ್ನಾಗಲೀ ಪರೀಕ್ಷಿಸಿ ಆರಿಸುವಂತಿಲ್ಲವೆಂದು 2009ರ ಶಿಕ್ಷಣ ಹಕ್ಕು ಕಾಯ್ದೆಯ 13ನೇ ಕಲಂ ಹೇಳುತ್ತದೆ. ಮೊದಲ ತಪ್ಪಿಗೆ 25,000 ರೂಪಾಯಿಯವರೆಗೆ, ಆಮೇಲಿನ ಪ್ರತಿ ತಪ್ಪಿಗೆ 50,000 ರೂಪಾಯಿಯವರೆಗೆ ದಂಡವೂ ಉಂಟು. ಆದರೆ ಅದೇ ಕಾಯ್ದೆಯ ಪ್ರಕಾರ ‘ಮಗು’ ಎಂದರೆ ಆರರಿಂದ ಹದಿನಾಲ್ಕು ವರ್ಷದ್ದು. ಅದಕ್ಕಿಂತ ಚಿಕ್ಕದನ್ನು ಏನೆಂದು ಕರೆಯಬೇಕೆಂಬ ಗೊಂದಲದ ಲಾಭ ಯಾರಿಗೆ ಆಗಬೇಕೋ ಅವರಿಗೆ ಆಗಿದೆ. ಸಂದರ್ಶನ ಎಂದರೆ ತಾನೇ ತೊಡಕು? ‘ಇಂಟರಾಕ್ಷನ್’ ಎಂದರಾಯಿತು.

ಪೋಷಕರಾದ ನಾವೇನೂ ಕಡಿಮೆಯವರಲ್ಲ. ಒಂದನೇ ತರಗತಿಗೆ ಜೂನ್ 1ಕ್ಕೆ ಆರು ವರ್ಷ ತುಂಬಿರಬೇಕೆಂದು 2022ರಲ್ಲಿ ಆದೇಶವಾಗಿ, ಅದು 2025–26ರಿಂದ ಜಾರಿಗೆ ಬರಬೇಕೆಂದಾದಾಗ ಊರಿಡೀ ಎದ್ದ ಗದ್ದಲ ನೆನಪಿದೆಯಲ್ಲ? ಕೊನೆಗೆ 2025ರ ಏಪ್ರಿಲ್‌ನಲ್ಲಿ, ನಮ್ಮದೇ ಜಿಲ್ಲೆಯ ಸೊರಬದಿಂದ ಆರಿಸಿ ಬಂದ ಶಿಕ್ಷಣ ಸಚಿವ ಮಧು ಬಂಗಾರಪ್ಪನವರು, ಆ ಒಂದು ವರ್ಷದ ಮಟ್ಟಿಗೆ, ಯುಕೆಜಿ ಮುಗಿಸಿದವರಿಗೆ ಐದು ವರ್ಷ ಐದು ತಿಂಗಳು ಸಾಕೆಂದು ಸಡಿಲಿಸಿದರು. ವಿನೋಬನಗರದ ಜಗಲಿಗಳಲ್ಲಿ ಆ ದಿನಗಳಲ್ಲಿ ನಡೆದ ತಿಥಿ, ವಾರ, ದಿನಗಳ ಲೆಕ್ಕಾಚಾರ ಮದುವೆಯ ಮುಹೂರ್ತಕ್ಕೂ ನಡೆದಿರಲಾರದು. ಆ ಎಲ್ಲ ಲೆಕ್ಕದಲ್ಲಿ ಮಕ್ಕಳು ಕಳೆದುಕೊಳ್ಳಬಹುದಾದ ‘ಒಂದು ವರ್ಷ’ದ ಮಾತು ನೂರು ಸಲ ಬಂತು. ಆ ವರ್ಷವನ್ನು ಮಗು ಎಲ್ಲಿ ಕಳೆದುಕೊಳ್ಳುತ್ತದೆ, ಗದ್ದೆಯ ಅಂಚಿನಲ್ಲೋ, ಅಜ್ಜಿಯ ಮಗ್ಗುಲಲ್ಲೋ, ಎಂದು ಕೇಳಿದವರನ್ನು ನಾನು ಕಾಣೆ.

ಕಿಂಡರ್‌ಗಾರ್ಟನ್ ಎಂಬ ಪದದ ಗತಿ ನೋಡಿದರೆ ಇದರಲ್ಲಿ ಆಶ್ಚರ್ಯವಿಲ್ಲ. ಒಂಬತ್ತು ತಿಂಗಳ ಕೂಸಾಗಿದ್ದಾಗಲೇ ತಾಯಿಯನ್ನು ಕಳೆದುಕೊಂಡು, ಹದಿಹರೆಯದಲ್ಲಿ ಕಾಡು ನೋಡಿಕೊಳ್ಳುವವನೊಬ್ಬನ ಕೈಕೆಳಗೆ ಕೆಲಸ ಕಲಿತ ಫ್ರೆಡ್ರಿಕ್ ಫ್ರೋಬೆಲ್ 1837ರಲ್ಲಿ ಜರ್ಮನಿಯ ಬಾಡ್ ಬ್ಲಾಂಕೆನ್‌ಬರ್ಗ್ ಎಂಬ ಊರಿನಲ್ಲಿ ಪುಟ್ಟ ಮಕ್ಕಳಿಗೆಂದು ಆಟದ ಮನೆಯೊಂದನ್ನು ತೆರೆದು, ಮೂರು ವರ್ಷ ತಡಕಾಡಿ 1840ರಲ್ಲಿ ಅದಕ್ಕೆ ಮಕ್ಕಳ ತೋಟ ಎಂಬ ಅರ್ಥದ ಈ ಹೆಸರನ್ನಿಟ್ಟ. ಉಣ್ಣೆಯ ಚೆಂಡು, ಮರದ ತುಂಡು, ಹಾಡು, ಮಣ್ಣಿನ ಪಾತಿ, ಇವೇ ಅವನ ಪಠ್ಯಕ್ರಮ. ಪ್ರಷ್ಯಾದ ಸರಕಾರಕ್ಕೆ ಇದರಲ್ಲಿ ನಾಸ್ತಿಕತೆಯ ವಾಸನೆ ಬಡಿದು 1851ರಲ್ಲಿ ಕಿಂಡರ್‌ಗಾರ್ಟನ್‌ಗಳನ್ನೇ ನಿಷೇಧಿಸಿತು. ಮರುವರ್ಷ ಫ್ರೋಬೆಲ್ ತೀರಿಕೊಂಡ, ನಿಷೇಧ ತೆರವಾದದ್ದು 1860ರಲ್ಲಿ. ಒರಟು ಜನ, ಉಪಾಯ ಗೊತ್ತಿರಲಿಲ್ಲ. ಹೆಸರನ್ನು ಬೋರ್ಡಿನ ಮೇಲೆ ಉಳಿಸಿ ತೋಟವನ್ನು ಮಾತ್ರ ತೆಗೆದುಹಾಕುವ ವಿದ್ಯೆ ಅವರಿಗೆ ಬಂದಿದ್ದರೆ ಯಾರೂ ತಕರಾರು ಮಾಡುತ್ತಿರಲಿಲ್ಲ. ಮೊಮ್ಮಗಳ ಶಾಲೆಯಲ್ಲಿ ತೋಟವಿಲ್ಲವೆಂದಲ್ಲ. ನೆಲಕ್ಕೆ ಅಂಟಿಸಿದ ಪ್ಲಾಸ್ಟಿಕ್ ಹುಲ್ಲಿದೆ. ಸುತ್ತ ಹತ್ತು ಮೈಲಿ ಯಾವ ಗೋಡೆಯ ಸಂದಿಯಲ್ಲೂ ಹಸಿರು ತಾನಾಗಿ ಹುಟ್ಟುವ ಜೂನ್ ತಿಂಗಳಿನಲ್ಲಿ ಅದನ್ನು ಸೋಪು ಹಾಕಿ ತೊಳೆಯುತ್ತಿದ್ದರು.

ಇನ್ನು ಚೀಲದ ವಿಷಯ. ಪೂರ್ವ ಪ್ರಾಥಮಿಕ ಮಕ್ಕಳಿಗೆ ಚೀಲವೇ ಬೇಡವೆಂದು 2020ರ ಕೇಂದ್ರದ ಶಾಲಾ ಚೀಲ ನೀತಿ ಹೇಳುತ್ತದೆ. ಹೌದು, ಬೇಡ. ನಮ್ಮ ಮನೆಗೆ ಬಂದದ್ದು ಚೀಲವಲ್ಲ, ‘ಕಿಟ್’.

ಶೃಂಗೇರಿಯಲ್ಲಿ ಶಾರದೆಯ ಎದುರು ಅಕ್ಷರಾಭ್ಯಾಸ ಮಾಡಿಸುವುದನ್ನು ನೋಡಿರುತ್ತೀರಿ. ತಟ್ಟೆಯಲ್ಲಿ ಅಕ್ಕಿ, ಅಪ್ಪನ ಮಡಿಲಲ್ಲಿ ಮಗು, ಮಗುವಿನ ಬೆರಳ ಮೇಲೆ ದೊಡ್ಡವರ ಬೆರಳು. ಒಂದಷ್ಟು ಅಕ್ಷರ ತಿದ್ದಿಸುವಷ್ಟರಲ್ಲಿ ಮಗು ಅಳುತ್ತದೆ, ಅಕ್ಕಿ ಚೆಲ್ಲುತ್ತದೆ, ಯಾರೂ ಗಡಿಯಾರ ನೋಡುವುದಿಲ್ಲ. ಅಷ್ಟೇನೂ ಮಹಾ ಶಿಕ್ಷಣತತ್ತ್ವ ಅದರಲ್ಲಿಲ್ಲ. ಆ ಮಡಿಲಿಗೂ ತಟ್ಟೆಗೂ ಎಲ್ಲ ಮಕ್ಕಳಿಗೆ ಪ್ರವೇಶವಿದ್ದ ಕಾಲವೂ ಅದಾಗಿರಲಿಲ್ಲ ಎಂಬುದನ್ನು ಮರೆತು ಹಿಂದಿನದನ್ನೆಲ್ಲ ಹೊಗಳುವವನು ನಾನಲ್ಲ. ಆದರೂ ಮಡಿಲು ಅಲ್ಲಿ ಪಠ್ಯಕ್ರಮದ ಭಾಗವಾಗಿತ್ತು. ನಮ್ಮ ಹಳ್ಳಿಯ ಅಂಗನವಾಡಿಯಲ್ಲಿಯೂ, ಸಮೀಕ್ಷೆ, ತೂಕ, ಮೊಬೈಲಿನಲ್ಲಿ ದಾಖಲೆ ಎಂದು ಟೀಚರಿಗೆ ಉಸಿರಾಡಲು ಬಿಡದಿದ್ದರೂ, ಮೊದಲ ಹದಿನೈದು ದಿನ ತಾಯಂದಿರು ಹೊಸ್ತಿಲ ಮೇಲೆ ಕೂತು ಸೊಪ್ಪು ಸೋಸುತ್ತಿರುತ್ತಾರೆ. ಮಗು ಒಳಗೆ ಹೋಗುತ್ತದೆ, ಅಮ್ಮ ಇದ್ದಾಳೆಯೇ ಎಂದು ನೋಡಲು ಹೊರಗೆ ಬರುತ್ತದೆ, ಮತ್ತೆ ಒಳಗೆ ಹೋಗುತ್ತದೆ. ಒಂದು ದಿನ ನೋಡಲು ಬರುವುದನ್ನು ಮರೆಯುತ್ತದೆ. ಇದಕ್ಕೆ ಯಾರೂ ಪ್ರೋಗ್ರಾಂ ಎಂದು ಹೆಸರಿಟ್ಟಿಲ್ಲವಾದ್ದರಿಂದ ಶುಲ್ಕ ವಿಧಿಸಲಾಗಿಲ್ಲ.

ನಮ್ಮ ಮೊದಲ ದಿನ ನಿರೀಕ್ಷೆಯಂತೆಯೇ ನಡೆಯಿತು. ಬೆಳಿಗ್ಗೆ ಧೋ ಎಂದು ಮಳೆ. ಗಾಂಧಿ ಬಜಾರಿನಿಂದ ತಂದ ಹಳದಿ ರೇನ್‌ಕೋಟು, ಬಚ್ಚಲೊಲೆಯ ಮೇಲೆ ಹಗ್ಗ ಕಟ್ಟಿ ಒಣಗಿಸಿದ್ದರಿಂದ ಹೊಗೆಯ ವಾಸನೆ ಹೊಡೆಯುವ ಬಿಳಿಯ ಸಾಕ್ಸು. ಥರ್ಮೋಕೋಲಿನ ಚೌಕಟ್ಟು ತೇವಕ್ಕೆ ಬಾಗಿ ‘ಫಸ್ಟ್’ ಎಂಬುದರ ಅರ್ಧ ಉದುರಿಹೋಗಿತ್ತು. ಗೇಟಿನಲ್ಲಿ ಅವಳು ನನ್ನ ಅಂಗಿಯ ಗುಂಡಿಯನ್ನು ಹಿಡಿದುಕೊಂಡಳು. ಅತ್ತ ಟೀಚರು ಎಳೆದರು, ಇತ್ತ ನಾನು ಸಕಾರಾತ್ಮಕವಾಗಿದ್ದೆ, ಗುಂಡಿ ಕಿತ್ತು ಅವಳ ಮುಷ್ಟಿಯಲ್ಲೇ ಒಳಗೆ ಹೋಯಿತು. ನಾನು ರಸ್ತೆಯ ಆಚೆ ಚಹಾದಂಗಡಿಯಲ್ಲಿ ನಿಂತೆ. ಅಲ್ಲಿ ಆಗಲೇ ಆರೇಳು ತಂದೆತಾಯಂದಿರು, ಹಿಂತಿರುಗಿ ನೋಡತಕ್ಕದ್ದಲ್ಲ ಎಂಬ ನಿಯಮಕ್ಕೆ ಬದ್ಧರಾಗಿ, ಗೇಟಿಗೆ ಬೆನ್ನು ಹಾಕಿ, ಅಂಗಡಿಯ ಗಾಜಿನ ಭರಣಿಗಳಲ್ಲಿ ಶಾಲೆಯ ಪ್ರತಿಬಿಂಬವನ್ನು ನೋಡುತ್ತಿದ್ದರು. ಮಧ್ಯಾಹ್ನ ಡೈರಿಯಲ್ಲಿ ಒಂದು ಸೂಚನೆ ಬಂತು: ಮಗು ಅಪಾಯಕಾರಿ ವಸ್ತುವನ್ನು ತರಗತಿಗೆ ತಂದಿದೆ, ಪುನರಾವರ್ತನೆಯಾಗಕೂಡದು. ಗುಂಡಿಯ ಮಾತು ಸರಿಯೇ, ಬಾಯಿಗೆ ಹಾಕಿಕೊಂಡರೆ ಕಷ್ಟ. ಅಷ್ಟು ಹೊತ್ತು ಅದನ್ನು ಯಾಕೆ ಹಿಡಿದುಕೊಂಡಿದ್ದಳು ಎಂಬುದಕ್ಕೆ ಡೈರಿಯಲ್ಲಿ ಅಂಕಣವಿರಲಿಲ್ಲ.

ಮೂರನೆಯ ದಿನ ಅವಳು ಬೇರೆ ಚಡ್ಡಿಯಲ್ಲಿ ಮನೆಗೆ ಬಂದಳು. ತನ್ನದು ಒದ್ದೆಯಾಗಿ, ಹಿಂಡಿ, ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಗಂಟು ಕಟ್ಟಿಸಿಕೊಂಡು ಚೀಲದ ತಳದಲ್ಲಿತ್ತು. ವಿಷಯ ಸಂಜೆಯ ಹೊತ್ತಿಗೆ ತುಂಡುತುಂಡಾಗಿ ಹೊರಬಂತು. ಅವಳು ‘ಒಂದಾ’ ಎಂದಿದ್ದಾಳೆ. ಇಂಗ್ಲಿಷಿನಲ್ಲಿ ಹೇಳು ಎಂದಿದ್ದಾರೆ. ‘ಮೇ ಐ’ ಎನ್ನುವವರೆಗೆ ಅವಳಿಗೆ ಬರುತ್ತಿತ್ತು. ಮುಂದಿನದು ನೆನಪಾಗುವಷ್ಟರಲ್ಲಿ ಆಗಬೇಕಾದದ್ದು ಆಗಿಹೋಗಿದೆ. ಉಳಿದ ಮಕ್ಕಳು ನಕ್ಕಿದ್ದಾರೆ.

ಇಲ್ಲಿ ನಾನು ಏನಾದರೂ ತಮಾಷೆ ಮಾಡಬೇಕಿತ್ತು, ಬರೆದು ನೋಡಿದೆ, ಹೊಡೆದುಹಾಕಿದೆ. ಮೂರು ವರ್ಷ ಹತ್ತು ತಿಂಗಳ ಮಗು ಮೂತ್ರಕ್ಕೆ ಹೋಗಲು ಪರಭಾಷೆಯಲ್ಲಿ ವ್ಯಾಕರಣಬದ್ಧವಾದ ಒಂದು ಪೂರ್ಣ ವಾಕ್ಯದ ಅರ್ಜಿ ಸಲ್ಲಿಸಬೇಕು ಎನ್ನುವುದು ಕ್ರೌರ್ಯ. ಶಿಸ್ತು, ಎಕ್ಸ್‌ಪೋಶರ್, ಭವಿಷ್ಯ ಎಂದು ಏನೇ ಹೆಸರಿಟ್ಟರೂ ಕ್ರೌರ್ಯವೇ. ಮಾಧ್ಯಮದ ಆಯ್ಕೆ ಪೋಷಕರ ಹಕ್ಕು ಎಂದು 2014ರಲ್ಲಿ ಸುಪ್ರೀಂ ಕೋರ್ಟು, ನಮ್ಮದೇ ರಾಜ್ಯದ ಪ್ರಕರಣದಲ್ಲಿ, ತೀರ್ಪು ಕೊಟ್ಟಿತು. ಆ ಹಕ್ಕನ್ನು ಚಲಾಯಿಸಿ ಹಣ ಕಟ್ಟಿ ಬಂದವರು ನಾವೇ, ನಮ್ಮ ಮನೆಯವರೇ, ರಸೀದಿ ಬೀರುವಿನಲ್ಲಿದೆ. ತರಗತಿಯ ಟೀಚರಾದ ಆ ಹುಡುಗಿಯ ಮೇಲೂ ನನಗೆ ಸಿಟ್ಟಿಲ್ಲ. ಸಾಗರದ ಕಡೆಯವಳು, ಮನೆಗೆ ಫೋನು ಮಾಡುವಾಗ ಅವಳು ಆಡುವುದೂ ಕನ್ನಡವೇ. ಮಗು ‘ಒಂದಾ’ ಎಂದದ್ದು ಅರ್ಥವಾಗದವರು ಆ ಕೋಣೆಯಲ್ಲಿ ಒಬ್ಬರೂ ಇರಲಿಲ್ಲ. ಎಲ್ಲರಿಗೂ ಅರ್ಥವಾಗಿಯೂ ಯಾರಿಗೂ ಅರ್ಥವಾಗದಂತೆ ನಿಲ್ಲುವುದಕ್ಕೆ ನಾವು ವರ್ಷಕ್ಕೆ ಎಷ್ಟು ಕೊಡುತ್ತಿದ್ದೇವೆ ಎಂದು ಆ ರಾತ್ರಿ ಲೆಕ್ಕ ಹಾಕಿದೆ. ನಿದ್ದೆ ಬರಲಿಲ್ಲ.

ಆಮೇಲೆ ಮಳೆ ನಮ್ಮ ನೆರವಿಗೆ ಬಂತು. ಜುಲೈ ಹಿಡಿದ ಮೇಲೆ ಅಂಗನವಾಡಿ ಮತ್ತು ಶಾಲೆಗಳಿಗೆ ರಜೆ ಎಂಬ ಆದೇಶ ಬೆಳಗಾಗುತ್ತಿದ್ದಂತೆ ಮೊಬೈಲಿಗೆ ಬಂದು ಬೀಳತೊಡಗಿತು. ಒಂದು ತಾಲ್ಲೂಕಿಗೆ ಉಂಟು, ಪಕ್ಕದ್ದಕ್ಕೆ ಇಲ್ಲ, ಎಂಬ ಚರ್ಚೆ ಮುಗಿಯುವಷ್ಟರಲ್ಲಿ ಮಕ್ಕಳು ಸಮವಸ್ತ್ರ ತೊಟ್ಟು ವ್ಯಾನು ಹತ್ತಿರುತ್ತಿದ್ದರು. ಎರಡು ದಿನ ಶಾಲೆ, ಮೂರು ದಿನ ರಜೆ. ಹೊಂದಿಕೊಂಡದ್ದೆಲ್ಲ ಪ್ರತಿ ಸೋಮವಾರ ಕೊಚ್ಚಿಹೋಗಿ ಗೇಟಿನಲ್ಲಿ ಮತ್ತೆ ಮೊದಲ ದಿನ. ಎರಡು ನಿಮಿಷದ ನಿಯಮ ಮಾತ್ರ ಮಳೆಗೆ ಜಗ್ಗಲಿಲ್ಲ.

ಆದರೂ ಆಗಸ್ಟಿನ ಹೊತ್ತಿಗೆ ಮೊಮ್ಮಗಳು ಅಳುವುದನ್ನು ಬಿಟ್ಟಳು. ‘ನಿನ್ನ ಮಿಸ್ ಯಾರು?’ ಎಂದು ಕೇಳಿದರೆ ‘ಶಾಲೆ ಅಜ್ಜಿ’ ಎಂದಳು. ವಿಚಾರಿಸಿದರೆ ಅದು ಆಯಾ. ಸುತ್ತೋಲೆಯ ನಾಲ್ಕೂ ಪುಟಗಳಲ್ಲಿ ಎಲ್ಲೂ ಇರದಿದ್ದವರು, ಗ್ರೂಪ್ ಫೋಟೋದಲ್ಲೂ ಇಲ್ಲದವರು. ಶೌಚಾಲಯದ ಬಳಿ ಮಾತ್ರ ಸಿಸಿಟಿವಿ ಇಲ್ಲವಾದ್ದರಿಂದ ಇಡೀ ಶಾಲೆಯಲ್ಲಿ ಕನ್ನಡ ಆಡಬಹುದಾದ ಜಾಗ ಅದೊಂದೇ. ಅಲ್ಲಿ ನಿಂತುಕೊಂಡು, ಯಾವ ಮಗು ಕಾಲು ಅಡ್ಡಹಾಕಿ ನಿಂತಿತೋ ಅದನ್ನು ದೂರದಿಂದಲೇ ಗುರುತಿಸಿ ‘ಬಾ ಪುಟ್ಟಿ, ಒಂದಾ?’ ಎಂದು ಕರೆದುಕೊಂಡು ಹೋಗುತ್ತಾರಂತೆ. ಅರ್ಜಿ ಬೇಡ. ಮಗುವಿನ ಪಿನಫೋರಿನ ಜೇಬನ್ನು ಒಗೆಯಲೆಂದು ಹೊರಮಗುಚಿದಾಗ ಒಳಗಡೆ ನನ್ನ ಅಂಗಿಯ ಗುಂಡಿ ಸಿಕ್ಕಿತು. ಕೀಳಲಾಗದಂತೆ ನಾಲ್ಕೈದು ಸುತ್ತು ದಾರ ಹಾಕಿ ಬಿಗಿಯಾಗಿ ಹೊಲಿದಿದ್ದರು.

ಕಳೆದ ವಾರ ಶಾಲೆಯಿಂದ ಅಭಿಪ್ರಾಯ ಸಂಗ್ರಹದ ಲಿಂಕ್ ಬಂತು. ‘ಸೆಟ್ಲಿಂಗ್ ಇನ್ ಪ್ರೋಗ್ರಾಂ’ ಅಭೂತಪೂರ್ವ ಯಶಸ್ಸು ಕಂಡಿದೆಯೆಂದೂ, ನಿಮ್ಮ ಮಗು ಹೊಂದಿಕೊಳ್ಳಲು ಅತ್ಯಂತ ನೆರವಾದ ಸೌಲಭ್ಯ ಯಾವುದೆಂದು ತಿಳಿಸಬೇಕೆಂದೂ ಕೇಳಿದ್ದರು. ಸ್ಮಾರ್ಟ್ ಕ್ಲಾಸ್, ಸಿಸಿಟಿವಿ, ಆಟದ ಅಂಗಳ, ವ್ಯಾನು, ಪೋಷಕರ ಓರಿಯೆಂಟೇಷನ್ ಎಂದು ಐದು ಆಯ್ಕೆಗಳಿದ್ದವು. ‘ಇತರೆ’ ಎಂಬುದು ಇರಲಿಲ್ಲ. ಕಾಗದವಾಗಿದ್ದರೆ ಅಂಚಿನಲ್ಲಾದರೂ ಬರೆಯಬಹುದಿತ್ತು. ಒಂದನ್ನಾದರೂ ಒತ್ತದೆ ಮುಂದಿನ ಕಂತಿನ ಪುಟ ತೆರೆದುಕೊಳ್ಳದಾದ್ದರಿಂದ, ಶೌಚಾಲಯದ ಬಳಿ ಇಲ್ಲದ ಆ ಸಿಸಿಟಿವಿಗೆ ಐದು ನಕ್ಷತ್ರ ಕೊಟ್ಟು ಹಣ ಕಟ್ಟಿದೆ.