ಟಾಟಾ ಅಂದರೆ ಟಾಟಾ ಅಲ್ಲ

ಕೋಲ್ಕತ್ತಾದಿಂದ ಜಮ್ಶೆಡ್‌ಪುರಕ್ಕೆ ರೈಲಲ್ಲಿ ಹೊರಟಿದ್ದೆ. ಟಿಕೆಟ್ ಮಾಡಿಸಿದ್ದು ಅಲ್ಲೇ ಕೆಲಸದಲ್ಲಿರುವ ನನ್ನ ಭಾವಮೈದುನ. ನಾನು ಅದರಲ್ಲಿ ನೋಡಿದ್ದು ಸೀಟ್ ನಂಬರ್ ಒಂದೇ. ಚಪ್ಪಲಿ ಬಿಚ್ಚಿ, ಚಕ್ಕಳಮಕ್ಕಳ ಹಾಕಿ ಕೂತು ಸ್ಟೇಷನ್ ಬೋರ್ಡುಗಳನ್ನು ಓದುತ್ತಾ ಬಂದೆ. ಜಮ್ಶೆಡ್‌ಪುರ ಬರಲೇ ಇಲ್ಲ.

ಒಂದು ದೊಡ್ಡ ಸ್ಟೇಷನ್ನಿನಲ್ಲಿ ಅರ್ಧ ಬೋಗಿ ಖಾಲಿಯಾಯಿತು. ಎದುರು ಕೂತಿದ್ದ ಯಜಮಾನರು ಇಳಿಯುವಾಗ ನನ್ನ ಕಡೆ ತಿರುಗಿ "ಟಾಟಾ, ಟಾಟಾ" ಅಂದರು. ಎಷ್ಟು ಒಳ್ಳೆಯವರಪ್ಪ ಅಂದ್ಕೊಂಡು ನಾನೂ ಟಾಟಾ ಮಾಡಿದೆ. ಅವರು ಹೊರಗಿಂದ ಕಿಟಕಿ ಬಡಿದು ಇನ್ನೂ ಜೋರಾಗಿ "ಟಾಟಾ!" ಅಂದರು. ನಾನು ಎರಡೂ ಕೈ ಬೀಸಿದೆ.

ಆಗ ಕಣ್ಣಿಗೆ ಬಿತ್ತು ಅವರ ಹಿಂದಿನ ಹಳದಿ ಬೋರ್ಡು. ಟಾಟಾನಗರ.

ಬ್ಯಾಗ್ ಎಳೆದುಕೊಂಡು ಹಾರಿದೆ. ರೈಲು ಹೊರಟಿತು, ನನ್ನ ಎಡಗಾಲಿನ ಚಪ್ಪಲಿಯ ಸಮೇತ.

ತಪ್ಪು ಪೂರ್ತಿ ನಂದಲ್ಲ ಸ್ವಾಮಿ. ಇದು ಮೊದಲು ಸಾಕ್ಚಿ ಅನ್ನೋ ಹಳ್ಳಿ. ಟಾಟಾದವರು ಕಾರ್ಖಾನೆ ಕಟ್ಟಿ 1912ರಲ್ಲಿ ಉಕ್ಕು ತೆಗೆದರು. ಮೊದಲ ಮಹಾಯುದ್ಧಕ್ಕೆ ಇಲ್ಲಿನ ಉಕ್ಕು ಹೋಯಿತು. ಖುಷಿಯಾದ ವೈಸರಾಯ್ ಚೆಮ್ಸ್‌ಫರ್ಡ್ 1919ರಲ್ಲಿ ಊರಿಗೆ ಜಮ್ಶೆಡ್‌ಪುರ ಅಂತ ಹೆಸರಿಟ್ಟರು. ಕಾಲಿಮಾಟಿ ಸ್ಟೇಷನ್ ಟಾಟಾನಗರವಾಯಿತು. ಜಮ್ಶೆಡ್‌ಜಿ ಟಾಟಾ ಅನ್ನೋ ಒಬ್ಬರ ಹೆಸರನ್ನೇ ಎರಡು ತುಂಡು ಮಾಡಿ, ಮೊದಲರ್ಧ ಊರಿಗೆ, ಉಳಿದರ್ಧ ಸ್ಟೇಷನ್ನಿಗೆ! ನನ್ನಂಥವನು ಎಲ್ಲಿ ಇಳಿಯಬೇಕು?

ಸಾಕ್ಚಿ ಬಜಾರಿನಲ್ಲಿ ಹೊಸ ಚಪ್ಪಲಿ ಕೊಂಡೆ. ಪಕ್ಕದ ಗಾಡಿಯವನು ನನ್ನ ಮುಖ ನೋಡಿ "ಗುಪ್‌ಚುಪ್?" ಅಂದ. ನಾನು ಬಾಯಿ ಮುಚ್ಚಿದೆ. ಆಮೇಲೆ ಗೊತ್ತಾಯಿತು, ಇಲ್ಲಿ ಪಾನಿಪುರಿಗೆ ಹಾಗೆ ಅಂತಾರೆ.

ಸಂಜೆ ಭಾವಮೈದುನ ಜುಬಿಲಿ ಪಾರ್ಕಿಗೆ ಕರ್ಕೊಂಡು ಹೋದ. ಟಾಟಾದವರು ತಮ್ಮ ಉಕ್ಕಿನ ಕಂಪನಿ ಶುರುವಾಗಿ ಐವತ್ತು ವರ್ಷವಾದ ನೆನಪಿಗೆ ಮಾಡಿಸಿದ್ದು, 1958ರಲ್ಲಿ ನೆಹರೂ ಉದ್ಘಾಟಿಸಿದ್ದು. ಸಾಲು ಕಾರಂಜಿ, ಕತ್ತರಿಸಿಟ್ಟ ಗಿಡ, ಬಣ್ಣದ ದೀಪ.

"ಎಲ್ಲೋ ನೋಡಿದ ಹಾಗಿದೆಯಲ್ಲೋ."

"ನಮ್ಮ ಬೃಂದಾವನ ನೋಡಿಯೇ ಮಾಡಿದ್ದು ಭಾವ."

ದೇಶದ ಆ ತುದಿಗೆ ಹೋಗಿ ನಾನು ನೋಡಿದ್ದು ಕೆಆರ್‌ಎಸ್! ಕಾರಂಜಿ ಮುಂದೆ ನಿಂತು ಫೋಟೋ ತೆಗೆಸಿ, ಶ್ರೀರಂಗಪಟ್ಟಣದಲ್ಲಿರುವ ಅಮ್ಮನಿಗೆ ಸುಮ್ನೆ ಕಳಿಸಿದೆ. ಐದೇ ನಿಮಿಷಕ್ಕೆ ಫೋನ್.

"ಕೆಆರ್‌ಎಸ್‌ವರೆಗೂ ಬಂದೋನಿಗೆ ಮನೆಗೆ ಬರೋಕೆ ಏನಾಗಿತ್ತೋ?"

"ಅಮ್ಮಾ, ನಾನಿರೋದು ಟಾಟಾ..."

"ಟಾಟಾನೂ ಬೇಡ, ಏನೂ ಬೇಡ" ಅಂತ ಫೋನ್ ಇಟ್ಟೇಬಿಟ್ಟಳು.